ಕಟ್ಟದೆ ಬಿಟ್ಟ ಜಾಗ

ಅಳಿಯ: ಮನೆ ನೋಡಿಕೊಂಡು ಬಂದೆ ಅತ್ತೆ. ಬುಲ್ ಟೆಂಪಲ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುತ್ತೆ. ಮುಂದೆ ಮಂಕಿ ಟಾಪ್ ಕಿಟಕಿ, ಒಳಗೆ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಹಿತ್ತಲಲ್ಲಿ ಬಾವಿ, ಒಂದು ಸಂಪಿಗೆ ಮರ. ಬಸವನಗುಡೀಲಿ ಇಂಥದ್ದು ಇನ್ನೊಂದು ಸಿಗೋದು ಕಷ್ಟ.

ಅತ್ತೆ: ಬೀದಿ ಹೇಗಿದೆ?

ಅಳಿಯ: ಬೀದಿ ಏನಿರುತ್ತೆ? ಕಾರು ನಿಲ್ಲಿಸೋಕೆ ಜಾಗ ಸಿಗದೆ ಸುತ್ತಿದ್ದೇ ಸುತ್ತಿದ್ದು.

ಅತ್ತೆ: ಆ ಮನೆಗೂ ಎಡಗಡೆ ಮನೆಗೂ ನಡುವೆ ಎಷ್ಟು ಅಡಿ ಬಿಟ್ಟಿದ್ದಾರೆ? ಬಲಗಡೆ? ಹಿತ್ತಲ ಗೋಡೆಯಾಚೆ ಗಲ್ಲಿ ಇನ್ನೂ ಇದೆಯೋ, ಯಾರಾದರೂ ಶೀಟು ಹಾಕಿ ನುಂಗಿದ್ದಾರೋ?

ಅಳಿಯ: ಅಷ್ಟೆಲ್ಲ ಯಾರು ನೋಡ್ತಾರೆ ಅತ್ತೆ? ಮನೆ ನೋಡೋಕೆ ಹೋಗಿದ್ದು ನಾನು.

ಅತ್ತೆ: ಹಾಗಾದರೆ ನೋಡಿದ್ದು ಬಿಚ್ಚಿ ಮಾರೋ ಸಾಮಾನು. ಬಾಗಿಲು, ಚೌಕಟ್ಟು, ತೊಲೆ ಎಲ್ಲಾನೂ ಮನೆ ಕೆಡವಿದ ದಿನವೇ ಹಳೇ ಮರದ ಅಂಗಡಿಯವರು ಲಾರಿಗೆ ಹೇರಿಕೊಂಡು ಹೋಗ್ತಾರೆ. ಅದೇ ಬಾಗಿಲು ಆಮೇಲೆ ಯಾವುದೋ ರೆಸಾರ್ಟಿನಲ್ಲಿ ನಿಂತಿರುತ್ತೆ. ಲಾರಿಗೆ ಹೇರೋಕೆ ಆಗದೇ ಇರೋದು ಒಂದೇ: ಮನೆ ಸುತ್ತ ಕಟ್ಟದೆ ಬಿಟ್ಟ ಜಾಗ. ಬಸವನಗುಡಿ ಹುಟ್ಟಿದ್ದೇ ಆ ಜಾಗಕ್ಕೋಸ್ಕರ.

ಅಳಿಯ: ಪ್ಲೇಗಿನಿಂದ ಹುಟ್ಟಿದ್ದು ಅಂತ ಕೇಳಿದ್ದೆ.

ಅತ್ತೆ: ಎರಡೂ ಒಂದೇ ಮಾತು. ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂದಿದ್ದು 1898ರ ಆಗಸ್ಟ್‌ನಲ್ಲಿ. ಆಗ ಊರು ಅಂದರೆ ಪೇಟೆ: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಮುಂದೆ ಅಂಗಡಿ, ಹಿಂದೆ ಸಂಸಾರ, ಅಟ್ಟದ ಮೇಲೆ ದವಸ. ಇಲಿಗೆ ಅದಕ್ಕಿಂತ ಸುಖವಾದ ಜಾಗ ಉಂಟೆ? ಆದರೆ ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಮನುಷ್ಯರಿಗೆ ದಾಟುತ್ತೆ ಅನ್ನೋದನ್ನ ಆಗಿನ್ನೂ ಎಲ್ಲ ಡಾಕ್ಟರುಗಳು ಒಪ್ಪಿರಲಿಲ್ಲ. ಕತ್ತಲು, ಕೊಳಕು, ಕೆಟ್ಟ ಗಾಳಿ, ಇವೇ ಮೂಲ ಅಂತ ಬಹಳ ಜನ ನಂಬಿದ್ದರು. ಅದಕ್ಕೆ ಮದ್ದೂ ಹಾಗೇ: ಗಾಳಿ, ಬಿಸಿಲು, ಸುಣ್ಣ. ಜನರನ್ನ ಊರಾಚೆ ಗುಡಿಸಲುಗಳಿಗೆ ಸಾಗಿಸಿದರು. ಪ್ಲೇಗಮ್ಮನ ಗುಡಿಗಳು ಎದ್ದವು. ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾಯರು ಮುಂದೆ ಮೈಸೂರಿನ ದಿವಾನರೂ ಆದರು.

ಅಳಿಯ: ಬಡಾವಣೆ ಮಾಡಿದ್ದು ಆ ಮೇಲೆ?

ಅತ್ತೆ: ಯೋಚನೆ ಮುಂಚಿನದೇ. ಚಾಮರಾಜಪೇಟೆ 1892ಕ್ಕೇ ಬಂದಿತ್ತು. ಬಸವನಗುಡಿ, ಮಲ್ಲೇಶ್ವರದ ನಕ್ಷೆಗಳೂ ಕಾಗದದ ಮೇಲಿದ್ದವು. ಆದರೆ ಅಂಗಡಿ, ನೆಂಟರು, ಗುಡಿ ಎಲ್ಲ ಪೇಟೇಲಿರುವಾಗ ಬಂಡೆ, ಹೊಲ, ಗುಡ್ಡ ಇರೋ ಕಡೆ ಹೋಗಿ ಮನೆ ಕಟ್ಟಿ ಅಂದರೆ ಯಾರು ಹೋಗ್ತಾರೆ? ಪ್ಲೇಗಿನ ಭಯ ಹೊರಡಿಸಿತು. ನೇರವಾದ ಅಗಲ ರಸ್ತೆ, ಮನೆಗಳ ಹಿಂದೆ ಗಲ್ಲಿ, ನಿವೇಶನದ ನಾಲ್ಕೂ ಕಡೆ ಜಾಗ ಬಿಟ್ಟು ಮಧ್ಯೆ ಮನೆ. ಒಬ್ಬರ ಮನೆಯ ಗಾಳಿ ಇನ್ನೊಬ್ಬರ ಮನೆಗೆ ಹೊಲಸಾಗಿ ಹೋಗಬಾರದು ಅನ್ನೋ ಲೆಕ್ಕ.

ಅಳಿಯ: ತಮಾಷೆಯಾಗಿದೆ. ರೋಗದ ಕಾರಣ ತಪ್ಪು ತಿಳಿದುಕೊಂಡು ಊರನ್ನ ಸರಿಯಾಗಿ ಕಟ್ಟಿದರು.

ಅತ್ತೆ: ಪೂರಾ ತಪ್ಪಲ್ಲ. ಗೋಡೆಗಳು ಅಂಟಿಕೊಂಡಿಲ್ಲದ ಕಡೆ, ಬೆಳಕಿರೋ ಕಡೆ, ಇಲಿಗೂ ಬಿಲ ಕಡಿಮೆ. ಆ ಭಯದ ಗುರುತು ನೀನು ನೋಡಿದ ಮನೇಲೂ ಇರಬೇಕು. ಸೂರಿನ ಹತ್ತಿರ ಗೋಡೆಯಲ್ಲಿ ಸಣ್ಣ ಗವಾಕ್ಷಿಗಳಿದ್ದವಾ?

ಅಳಿಯ: ಇದ್ದವು. ಪ್ರತಿ ಕೋಣೇಲೂ. ಎತ್ತರದ ಸೂರು, ಎದುರುಬದುರು ಕಿಟಕಿ.

ಅತ್ತೆ: ಬಿಸಿ ಗಾಳಿ ಮೇಲಕ್ಕೇರಿ ಗವಾಕ್ಷಿಯಲ್ಲಿ ಹೊರಗೆ ಹೋಗಬೇಕು, ತಂಪು ಗಾಳಿ ಕೆಳಗಿನ ಕಿಟಕಿಯಲ್ಲಿ ಒಳಗೆ ಬರಬೇಕು. ನೀನು ಮೆಚ್ಚಿದ ಮಂಕಿ ಟಾಪ್‌ಗೂ ಕೆಲಸ ಇದೆ. ಮೊನಚಾದ ಮರದ ಪಟ್ಟಿಗಳ ಆ ಚಾಚು ಇಳಿಬಿಸಿಲನ್ನ, ಇರಚಲನ್ನ ತಡೆದು ಗಾಳಿಯನ್ನ ಮಾತ್ರ ಬಿಡುತ್ತೆ. ಆದರೆ ಇದೆಲ್ಲ ಕೆಲಸ ಮಾಡೋದು ಕಿಟಕಿಯ ಹೊರಗೆ ಗಾಳಿ ಇದ್ದರೆ. ಪಕ್ಕದವರು ಬೇಲಿ ತನಕ ನಾಲ್ಕು ಮಹಡಿ ಎಬ್ಬಿಸಿದರೆ ಆ ಕಿಟಕಿ ಗೋಡೆ ಮೇಲಿನ ಚಿತ್ರಪಟ. ಬೀದಿ ಹೇಗಿದೆ ಅಂತ ಕೇಳಿದ್ದು ಅದಕ್ಕೇ.

ಅಳಿಯ: ಎಡಗಡೆ ನೆನಪಾಯಿತು. ಅಪಾರ್ಟ್‌ಮೆಂಟು ಬಂದಿದೆ, ಕೆಳಗೆ ಪಾರ್ಕಿಂಗ್ ಅಗೆದಿದ್ದಾರೆ. ಬಲಗಡೆ ಹಳೇ ಮನೆ, ಅಜ್ಜಿಯೊಬ್ಬರಿದ್ದಾರೆ.

ಅತ್ತೆ: ಎಡಗಡೆ ಗೋಡೇಲಿ ಬಿರುಕು ನೋಡು. ಹಳೇ ಮನೆಗಳು ಕಲ್ಲಿನ ಪಾಯದ ಮೇಲೆ ನಿಂತಿರೋದು, ಒಳಗೆ ಕಬ್ಬಿಣ ಇರಲ್ಲ. ಪಕ್ಕದಲ್ಲಿ ಆಳಕ್ಕೆ ಅಗೆದರೆ ಮಣ್ಣು ಜರುಗಿ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತೆ. ಕೂದಲೆಳೆ ಬಿರುಕಾದರೆ ಹೆದರಬೇಡ. ಬೆರಳ ತುದಿ ಹೋಗೋಷ್ಟಿದ್ದರೆ ಎಂಜಿನಿಯರನ್ನ ಕರಕೊಂಡು ಹೋಗು, ಬ್ರೋಕರನ್ನಲ್ಲ. ಗೋಡೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಿದ್ದಾರಾ?

ಅಳಿಯ: ಕೆಳಗಡೆ ಮಾಡಿಸಿದ್ದಾರೆ. ನೀಟಾಗಿದೆ.

ಅತ್ತೆ: ನೀಟಾಗಿರೋ ಕಡೆಯೇ ಕೈಯಿಟ್ಟು ನೋಡು, ತಣ್ಣಗಿರುತ್ತೆ. ಸುಣ್ಣದ ಗಾರೆಯ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತೆ, ಬಿಸಿಲಿಗೆ ಬಿಡುತ್ತೆ. ಮೇಲೆ ಸಿಮೆಂಟು ಮೆತ್ತಿದರೆ ಬಿಡೋಕೆ ದಾರಿ ಇಲ್ಲ. ತೇವ ಒಳಗೇ ನಿಂತು ಮೇಲಕ್ಕೆ ಹತ್ತುತ್ತೆ, ಆಮೇಲೆ ಪದರ ಪದರವಾಗಿ ಉದುರುತ್ತೆ. ಕೆರೆದು ತೆಗೆಸಿ ಮತ್ತೆ ಸುಣ್ಣದ ಗಾರೆ ಮಾಡಿಸೋ ಖರ್ಚನ್ನ ಈಗಲೇ ಬೆಲೆಯಲ್ಲಿ ಕಳಿ. ಮೇಲೆ ಏನು, ಹಂಚೋ ತಾರಸಿಯೋ?

ಅಳಿಯ: ಮುಂದಿನ ಭಾಗ ಮದ್ರಾಸ್ ತಾರಸಿ, ಹಿಂದೆ ಅಡುಗೆಮನೆ ಮೇಲೆ ಹಂಚು.

ಅತ್ತೆ: ಮದ್ರಾಸ್ ತಾರಸೀಲಿ ತೊಲೆಗಳ ಮೇಲೆ ತೆಳ್ಳನೆ ಇಟ್ಟಿಗೆಯನ್ನ ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರಿನ ಗಾರೆ ಹಾಕಿ ಬಡಿದಿರ್ತಾರೆ. ನೀರು ನಿಲ್ಲದಂತೆ ನೋಡಿಕೊಂಡರೆ ತಲೆಮಾರುಗಟ್ಟಲೆ ಬರುತ್ತೆ. ತೊಲೆಯ ನಡುಭಾಗ ನೋಡಿ ಚೆನ್ನಾಗಿದೆ ಅನ್ನಬೇಡ. ತುದಿ ಗೋಡೆಯೊಳಗೆ ಹೋಗೋ ಜಾಗದಲ್ಲೇ ಕೊಳೆಯೋದು, ಗೆದ್ದಲು ಹತ್ತೋದು. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡು. ಹಂಚನ್ನ ಒಂದು ತೆಗೆಸಿ ತಿರುವಿ ನೋಡು, ಹಿಂದೆ ಕಾರ್ಖಾನೆ ಹೆಸರು ಅಚ್ಚಾಗಿರುತ್ತೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಕಡೆ ಎಷ್ಟೋ ಕಾರ್ಖಾನೆ ಎದ್ದವು. ಬೆಂಗಳೂರಿನ ಮಳೆಯನ್ನ ತಡೆದದ್ದು ನೇತ್ರಾವತಿ ದಂಡೆಯ ಜೇಡಿಮಣ್ಣು.

ಅಳಿಯ: ಒಂದು ವಿಷಯ ವಿಚಿತ್ರವಾಗಿ ಕಂಡಿತು. ಹಜಾರ ಅಷ್ಟು ದೊಡ್ಡ ಮನೆಗೆ ಬಹಳ ಇಕ್ಕಟ್ಟು. ಒಂದು ಕಡೆ ಗೋಡೆ ಬಡಿದರೆ ಟೊಳ್ಳು ಸದ್ದು. ಮುಂದಿನ ಮಂಕಿ ಟಾಪೂ ಮಧ್ಯಕ್ಕೇ ನಿಂತು ಹೋಗಿದೆ.

ಅತ್ತೆ: ಭಾಗವಾದ ಮನೆ ಕಣೋ ಅದು! ಅಣ್ಣತಮ್ಮಂದಿರು ಹಜಾರದ ನಡುವೆ ಗೋಡೆ ಎಬ್ಬಿಸಿದ್ದಾರೆ. ಇನ್ನರ್ಧ ಎಲ್ಲಿ?

ಅಳಿಯ: ಅದೇ ಆ ಅಪಾರ್ಟ್‌ಮೆಂಟ್ ಜಾಗ ಅನ್ನಿಸುತ್ತೆ.

ಅತ್ತೆ: ಹಾಗಿದ್ದರೆ ಆ ಗೋಡೆ ನಾಲ್ಕು ಇಂಚಿನದಾಗಿರುತ್ತೆ, ಕೋಣೆಗಳ ನಡುವೆ ಇರಬೇಕಾದ ಗೋಡೆ ಈಗ ಮನೆಯ ಹೊರಗೋಡೆ. ಮಳೆಗಾಲದಲ್ಲಿ ಮೊದಲು ಸೋರೋದು ಅದೇ. ಇಂಥ ಮನೆಗಳು ಒಂದೇ ಸಲ ಸಾಯಲ್ಲ. ಮೊದಲು ವಿಭಾಗಪತ್ರ, ಆಮೇಲೆ ಗೋಡೆ, ಆಮೇಲೆ ಕಾಂಪೌಂಡಿನಲ್ಲಿ ಬಾಡಿಗೆ ಮನೆ, ಕೊನೆಗೆ ಬಿಲ್ಡರ್.

ಅಳಿಯ: ಬಾಡಿಗೆ ಮನೆ ಅಂದರೆ ನೀವು ಹೇಳ್ತಿದ್ದ ವಠಾರ?

ಅತ್ತೆ: ಹೂಂ. ನಾನು, ನಿಮ್ಮಪ್ಪ ಬೆಳೆದದ್ದು ಶಂಕರಪುರದ ವಠಾರದಲ್ಲಿ. ಮುಂದೆ ಯಜಮಾನರ ಬಂಗಲೆ, ಪಕ್ಕದ ಓಣಿಯಲ್ಲಿ ಸಾಲು ಮನೆ: ಒಂದು ಕೋಣೆ, ಒಂದು ಅಡುಗೆಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಪ್ಲೇಗಿಗೆ ಹೆದರಿ ಗಾಳಿ ಆಡಲಿ ಅಂತ ಬಿಟ್ಟ ಜಾಗವೇ ಅದು. ಭಯ ಮರೆತ ಮೇಲೆ, ಊರಿಗೆ ಗುಮಾಸ್ತರು, ಮೇಷ್ಟ್ರುಗಳು, ಕಾಲೇಜು ಹುಡುಗರು ಬಂದು ಸೇರಿದ ಮೇಲೆ, ಆ ಜಾಗಕ್ಕೆ ಬಾಡಿಗೆ ಹುಟ್ಟಿತು. ಬಂಗಲೆಯ ಕಿಟಕಿ ಗಾಳಿಗೆ ನಾವು ಅಡ್ಡ ಬಂದೆವು, ನಮಗೆ ಬಂಗಲೆ ಅಡ್ಡ ಬಂತು. ನಿಮ್ಮಪ್ಪ ಎಸ್‌.ಎಸ್‌.ಎಲ್‌.ಸಿ.ಗೆ ಓದಿದ್ದು ಕೃಷ್ಣರಾವ್ ಪಾರ್ಕಿನ ಕಲ್ಲು ಬೆಂಚಿನ ಮೇಲೆ, ಬೀದಿ ದೀಪದ ಕೆಳಗೆ.

ಅಳಿಯ: ಆದರೂ ನೀವು ಬಿಟ್ಟ ಜಾಗದ ಪರ ಮಾತಾಡ್ತೀರಿ. ಆ ಜಾಗ ತುಂಬದೇ ಹೋಗಿದ್ದರೆ ನಮ್ಮಪ್ಪ ಬೆಂಗಳೂರಿಗೇ ಬರ್ತಿರಲಿಲ್ಲ.

ಅತ್ತೆ: ಸರಿಯಾದ ಮಾತು. ಅದಕ್ಕೇ ಹಳೇ ಬಸವನಗುಡಿ ಅಂತ ಕಣ್ಣೀರು ಹಾಕೋರ ಜೊತೆ ನನಗೆ ಆಗಿಬರಲ್ಲ. ಶುರುವಿನಲ್ಲಿ ನಿವೇಶನ ಹಂಚುವಾಗ ಜಾತಿ ನೋಡೇ ಹಂಚಿದರು, ಒಬ್ಬೊಬ್ಬರಿಗೆ ಒಂದೊಂದು ಕಡೆ. ನಿನ್ನ ಹಿತ್ತಲ ಗಲ್ಲಿಯನ್ನ ಕನ್ಸರ್ವೆನ್ಸಿ ಲೇನ್ ಅಂತಾರೆ. ಒಳಚರಂಡಿ ಬರೋ ಮುಂಚೆ ಪೌರಕಾರ್ಮಿಕರು ಹಿತ್ತಲಿಂದ ಬಂದು, ಕಕ್ಕಸಿನ ಮಲ ಬಳಿದುಕೊಂಡು, ಹಿತ್ತಲಿಂದಲೇ ಹೋಗಬೇಕಿತ್ತು. ಮುಂಬಾಗಿಲ ರಸ್ತೆಯವರ ಕಣ್ಣಿಗೆ ಅವರು ಬೀಳಬಾರದು. ಮಲ ಹೊರೋ ಪದ್ಧತಿಯನ್ನ ಕರ್ನಾಟಕದಲ್ಲಿ ನಿಲ್ಲಿಸೋ ಆಜ್ಞೆ ಬಂದಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ನಿನ್ನ ಮನೆಯ ವಾಸ್ತುಶಿಲ್ಪದಲ್ಲಿ ಮಂಕಿ ಟಾಪ್ ಎಷ್ಟು ಮುಖ್ಯವೋ ಹಿತ್ತಲ ಆ ಸಣ್ಣ ಬಾಗಿಲೂ ಅಷ್ಟೇ.

ಅಳಿಯ: ಹಿತ್ತಲಲ್ಲಿ ಒಂದು ಸಣ್ಣ ಬಾಗಿಲು ಮುಚ್ಚಿದ ಗುರುತು ಇತ್ತು. ಬ್ರೋಕರ್ ಅದನ್ನ ದನದ ಕೊಟ್ಟಿಗೆ ಬಾಗಿಲು ಅಂದ.

ಅತ್ತೆ: ಅಂದಿರ್ತಾನೆ.

ಅಳಿಯ: ಇಷ್ಟೆಲ್ಲ ಹೇಳಿದ ಮೇಲೂ ಅಲ್ಲಿ ಮನೆ ಕೊಳ್ಳೋದರಲ್ಲಿ ಅರ್ಥ ಇದೆ ಅಂತೀರಾ?

ಅತ್ತೆ: ಅರ್ಥ ಮನೇಲಿ ಹುಡುಕಿದರೆ ಸಿಗಲ್ಲ. ವಠಾರದವರಿಗೆ ಮನೆ ಇಕ್ಕಟ್ಟು, ಆದರೆ ಊರು ವಿಶಾಲವಾಗಿತ್ತು. ಯೋಜನೆ ಮಾಡಿದವರು ನಿವೇಶನದ ಒಳಗೆ ಬಿಟ್ಟ ಜಾಗವನ್ನ ಯಜಮಾನರು ಮಾರಿಕೊಂಡರು, ನಿವೇಶನದ ಹೊರಗೆ ಬಿಟ್ಟದ್ದನ್ನ ಮಾರೋಕೆ ಆಗಲಿಲ್ಲ. ಅಗಲ ರಸ್ತೆ, ಪಾರ್ಕು, ಬಂಡೆ, ಮೈದಾನ. ಆ ಬಾಬತ್ತು ನಮ್ಮದಾಗಿತ್ತು. ಮುಂಗಡ ಕೊಡೋ ಮುಂಚೆ ಹೋಗಿ ಅದನ್ನ ಸುತ್ತು. ಕಾರಿನಲ್ಲಲ್ಲ.

ಅಳಿಯ: ಎಲ್ಲಿಂದ ಶುರು ಮಾಡಲಿ?

ಅತ್ತೆ: ಬ್ಯೂಗಲ್ ರಾಕ್‌ನಿಂದ. ಅಲ್ಲೂ ಲಾಲ್‌ಬಾಗಿನಲ್ಲೂ ತಲೆ ಎತ್ತಿರೋದು ಒಂದೇ ಜಾತಿಯ ಕಲ್ಲು, ಸುಮಾರು 300 ಕೋಟಿ ವರ್ಷ ಹಳೇದು. ಲಾಲ್‌ಬಾಗಿನ ಬಂಡೆಯನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಿನ್ನ ಮನೆಯ ಪಾಯಕ್ಕೂ ಬಾವಿ ಕಟ್ಟೆಗೂ ಬಂದಿರೋದು ಇದೇ ಜಾತಿ ಕಲ್ಲು. ಬ್ಯೂಗಲ್ ರಾಕ್ ಪಕ್ಕದಲ್ಲೇ ದೊಡ್ಡ ಗಣಪತಿ, ಮೇಲೆ ದೊಡ್ಡ ಬಸವಣ್ಣ. ಬಡಾವಣೆ ಬರೋಕೆ ಮುಂಚೆ ಅದು ಸುಂಕೇನಹಳ್ಳಿ. ಸುತ್ತ ಗುಟ್ಟಹಳ್ಳಿ, ಮಾವಳ್ಳಿ, ಹೊಲ ತುಂಬ ಕಡಲೇಕಾಯಿ. ಬೆಳೆ ಮೇಯ್ತಿದ್ದ ಬಸವನಿಗೆ ಗುಡಿ ಕಟ್ಟಿ, ಮೊದಲ ಬೆಳೆ ಒಪ್ಪಿಸೋ ಪದ್ಧತಿ ಮಾಡಿಕೊಂಡರು ಅಂತ ಕಥೆ. ಹೊಲ ಹೋಯಿತು, ಪರಿಷೆ ಉಳೀತು. ಕಾರ್ತಿಕದ ಕಡೇ ಸೋಮವಾರ ಬೇರೆ ಬೇರೆ ಜಿಲ್ಲೆಗಳ ರೈತರು ಮೂಟೆ ಇಳಿಸಿಕೊಂಡು ರಸ್ತೆಯ ಎರಡೂ ಬದಿ ಕೂರ್ತಾರೆ. ಆ ದಿನಗಳಲ್ಲಿ ನಿನ್ನ ಮನೆಗೆ ಕಾರು ಬರಲ್ಲ. ಅದು ತೊಂದರೆ ಅನ್ನಿಸಿದರೆ ಆ ಬೀದಿ ನಿನಗಲ್ಲ.

ಅಳಿಯ: ಅದನ್ನ ಸಹಿಸಬಹುದು. ದಿನಾ ಬೆಳಗಾದರೆ ಬರೋ ಗದ್ದಲದ ಕಥೆ ಹೇಳಿ.

ಅತ್ತೆ: ಅದಕ್ಕೆ ಹೊತ್ತು ಹೊತ್ತಿಗೂ ಹೋಗಬೇಕು. ಬೆಳಗಿನ ಜಾವ ಹೋದರೆ ಹೂವಿನ ಗಾಡಿ, ಹಾಲು, ದೇವಸ್ಥಾನದ ಮೈಕು ಎಷ್ಟು ಜೋರು ಅಂತ ಗೊತ್ತಾಗುತ್ತೆ. ಮುಹೂರ್ತದ ದಿನ ಹೋದರೆ ಹತ್ತಿರದಲ್ಲಿ ಛತ್ರ ಇದೆಯೋ ಇಲ್ಲವೋ ತಿಳಿಯುತ್ತೆ. ವಿದ್ಯಾರ್ಥಿ ಭವನದ ಮುಂದೆ ನಿಂತ ಸಾಲು ನಿನ್ನ ಗೇಟಿನ ತನಕ ಬರುತ್ತಾ ನೋಡು. ಬರೋಷ್ಟು ಹತ್ತಿರ ಇದ್ದರೆ ಶುಕ್ರವಾರ ಮಾತ್ರ ನೆಮ್ಮದಿ, ಅವತ್ತು ಅವರಿಗೆ ರಜ. 1943ರಲ್ಲಿ ಓದೋ ಹುಡುಗರಿಗೆ ಅಂತ ಶುರುವಾದ ಹೋಟೆಲು ಅದು. ವಠಾರದ ಒಂದು ಕೋಣೆಯವರಿಗೆ ಅತಿಥಿ ಬಂದರೆ ಕೂರಿಸೋಕೆ ಜಾಗ ಇರ್ತಿರಲಿಲ್ಲ. ನಡೀರಿ, ಕಾಫಿ ಕುಡಿಯೋಣ ಅಂತ ಹೊರಡಿಸೋದು. ಊರಿನ ಹೋಟೆಲುಗಳು ಬೆಳೆದದ್ದರಲ್ಲಿ ನಮ್ಮ ಇಕ್ಕಟ್ಟಿನ ಪಾಲೂ ಇದೆ.

ಅಳಿಯ: ಗಾಂಧಿ ಬಜಾರ್‌ನಲ್ಲಿ ಕವಿಗಳು, ಸಾಹಿತಿಗಳು ಓಡಾಡ್ತಿದ್ದರು ಅಂತಾರಲ್ಲ, ಅದೂ ಹಾಗೇನಾ?

ಅತ್ತೆ: ಸಾಕಷ್ಟು ಹಾಗೇ. ಮಾಸ್ತಿಯವರಿಗೆ ಗವಿಪುರದಲ್ಲಿ ಸ್ವಂತ ಮನೆ ಇತ್ತು, ಆದರೂ ಸಂಜೆ ಬಸವನಗುಡಿ ಕ್ಲಬ್ಬಿಗೆ ಇಸ್ಪೀಟಾಡೋಕೆ ಬರ್ತಿದ್ದರು. ಡಿ.ವಿ. ಗುಂಡಪ್ಪನವರ ಮನೆ ನಾಗಸಂದ್ರ ರಸ್ತೇಲಿ, ಈಗ ಅದು ಅವರ ಹೆಸರಿನ ರಸ್ತೆ. ಮನೆಗಿಂತ ದೊಡ್ಡದಾಗಿ ಅವರು ಬಿಟ್ಟು ಹೋಗಿದ್ದು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನ. ಅದೇ ವರ್ಷ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆಯೂ ಬಂತು. ಪುಸ್ತಕ ಕೊಳ್ಳೋಕೆ ಆಗದವರು ಅಲ್ಲಿ ಕೂತು ಓದ್ತಿದ್ದರು. ನಿಸಾರ್ ಅಹಮದರು 1960ರಲ್ಲಿ ತಮ್ಮ ಮೊದಲ ಸಂಕಲನದ ಹೆಸರಿಗೆ ಆರಿಸಿದ್ದು ಈ ಬಜಾರನ್ನೇ. ನೋಡು, ಕ್ಲಬ್ಬು, ಬಜಾರು, ಓದುಮನೆ, ಪಾರ್ಕು: ಒಂದಕ್ಕೂ ಕ್ರಯಪತ್ರ ಬೇಕಿಲ್ಲ. ಮನೆ ಇದ್ದವರು, ಇಲ್ಲದವರು ಎದುರು ಬದುರಾಗ್ತಿದ್ದ ಜಾಗಗಳು ಅವು. ನೀನು ಕೊಡೋ ಬೆಲೇಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತೆ.

ಅಳಿಯ: ಮೆಟ್ರೋಗೂ ಹೋಗುತ್ತೆ. 2017ರಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ ಬಂತು. ನಡೆದುಕೊಂಡೇ ಹೋಗಬಹುದು.

ಅತ್ತೆ: ಅದು ಒಳ್ಳೇದೇ. ಆದರೆ ಅದೇ ಕಾರಣಕ್ಕೆ ಬಲಗಡೆ ಅಜ್ಜಿ ಮನೆ ಮೇಲೂ ಬಿಲ್ಡರುಗಳ ಕಣ್ಣಿರುತ್ತೆ. ಮಳೆ ಬಂದ ದಿನ ಒಮ್ಮೆ ಹೋಗಿ ನೀರು ಯಾವ ಕಡೆ ಹರಿಯುತ್ತೆ ನೋಡು. ವೃಷಭಾವತಿ ಬಸವಣ್ಣನ ಕಾಲ ಬುಡದಲ್ಲಿ ಹುಟ್ಟುತ್ತಾಳೆ ಅಂತ ನಂಬಿಕೆ. ಇಳಿಜಾರಿನಲ್ಲಿ ಕೆಂಪಾಂಬುಧಿ ಕೆರೆ ಇದೆ. ಗುಡ್ಡದ ಮೇಲಿನ ಬೀದಿಗೂ ಕಣಿವೆ ಬೀದಿಗೂ ಬೆಲೆಯಲ್ಲಿ ವ್ಯತ್ಯಾಸ ಇರಲಿಕ್ಕಿಲ್ಲ, ಮೋರಿ ವಾಸನೆಯಲ್ಲಿ ಇರುತ್ತೆ.

ಅಳಿಯ: ಬೆಲೆ ವಿಷಯ ಬಂತಲ್ಲ. ಬ್ಯಾಂಕಿನವರು ಕಟ್ಟಡಕ್ಕೆ ಏನೂ ಬೆಲೆ ಇಲ್ಲ ಅಂದರು. ನಿವೇಶನಕ್ಕೆ ಮಾತ್ರ ಸಾಲವಂತೆ.

ಅತ್ತೆ: ನಮ್ಮ ಇಲಾಖೇಲೂ ಅಷ್ಟೇ. ಉಪನೋಂದಣಿ ಕಚೇರೀಲಿ ಕೂತು ನಾನೇ ಎಷ್ಟೋ ಲೆಕ್ಕ ಹಾಕಿದ್ದೀನಿ. ನಿವೇಶನಕ್ಕೆ ಮಾರ್ಗಸೂಚಿ ಬೆಲೆ, ಕಟ್ಟಡಕ್ಕೆ ವಯಸ್ಸಾದಷ್ಟೂ ಸವಕಳಿ. ದಾಖಲೆಯಲ್ಲಿ ಮುದಿ ಮನೆ ಅಂದರೆ ನಿವೇಶನದ ಮೇಲಿನ ಅಡಚಣೆ. ಗಾಳಿಗೆ ಬಿಟ್ಟ ಜಾಗಕ್ಕೆ ಮಾತ್ರ ಕಟ್ಟಬಹುದಾದ ಜಾಗ ಅಂತ ಪೂರಾ ಬೆಲೆ. ಹಾಗಾಗಿ ಕೆಡವೋರನ್ನ ಬೈಯೋದು ಸುಲಭ. ಲೆಕ್ಕ ಅವರ ಕಡೆ ಇದೆ. ಐದು ಜನ ಮಕ್ಕಳಿದ್ದರೆ ಮನೆಯನ್ನ ಐದು ಪಾಲು ಮಾಡೋಕೆ ಆಗಲ್ಲ, ದುಡ್ಡನ್ನ ಮಾಡಬಹುದು.

ಅಳಿಯ: ಇವರೂ ಐದೇ ಜನ. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಗಂಡುಮಕ್ಕಳೇ ವ್ಯವಹಾರ ನೋಡಿಕೊಳ್ತಿದ್ದಾರೆ. ಹೆಣ್ಣುಮಕ್ಕಳ ಮದುವೇಲಿ ಎಲ್ಲ ಕೊಟ್ಟಾಗಿದೆಯಂತೆ.

ಅತ್ತೆ: ಆ ಮಾತಿನ ಮೇಲೆ ಒಂದು ರೂಪಾಯೀನೂ ಕೊಡಬೇಡ! ಅಪ್ಪನ ಸ್ವಂತ ಸಂಪಾದನೆ, ಉಯಿಲು ಇಲ್ಲ ಅಂದರೆ 1956ರ ಉತ್ತರಾಧಿಕಾರ ಕಾಯಿದೆಯಿಂದಲೇ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು. ಪಿತ್ರಾರ್ಜಿತ ಅಂದರೆ 2005ರ ತಿದ್ದುಪಡಿ ಬಂತು, ಮಗಳಿಗೂ ಹುಟ್ಟಿನಿಂದಲೇ ಹಕ್ಕು. 2005ರಲ್ಲಿ ಅಪ್ಪ ಬದುಕಿರಬೇಕಿತ್ತು ಅನ್ನೋ ವಾದವನ್ನೂ ಸುಪ್ರೀಂ ಕೋರ್ಟು 2020ರಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಭಾಗ ಆಗಿ ನೋಂದಣಿಯಾಗಿದ್ದರೆ ಅದು ಬೇರೆ ಮಾತು. ಅದಕ್ಕೇ ಆ ವಿಭಾಗಪತ್ರ ನೋಡಬೇಕು, ಹಜಾರದ ಗೋಡೆ ಎದ್ದದ್ದು ಯಾವ ವರ್ಷ ಅಂತ.

ಅಳಿಯ: ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದರೆ?

ಅತ್ತೆ: ನೋಂದಣಿ ಆಗಿರಬೇಕು, ಬರೀ ಸಹಿ ಹಾಕಿದ ಕಾಗದ ನಡೆಯಲ್ಲ. ಇಷ್ಟು ಜೋಡಿಸಿಕೋ: ಮೂಲಪತ್ರದಿಂದ ಇಲ್ಲಿಯ ತನಕ ಕೊಂಡಿ ತಪ್ಪದ ಪತ್ರಗಳು, ವಂಶವೃಕ್ಷ, ಖಾತೆ, ತೆರಿಗೆ ರಸೀತಿ, ಋಣಭಾರ ಪತ್ರ. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗಲ್ಲ. ಋಣಭಾರ ಪತ್ರ 2004ರಿಂದ ಈಚೆಗಿನದು ಕಾವೇರಿ ತಂತ್ರಾಂಶದಲ್ಲಿ ಕೂತಲ್ಲೇ ಸಿಗುತ್ತೆ. ಅದರ ಹಿಂದಿನದಕ್ಕೆ ಕಚೇರಿಗೆ ಹೋಗಿ ಹುಡುಕಿಸು. ಹಳೇ ಮನೆಯ ಹಳೇ ಅಡಮಾನ ಇರೋದು ಹಳೇ ಪುಸ್ತಕದಲ್ಲೇ. ಮುದ್ರಾಂಕ ಶುಲ್ಕದ ಜೊತೆಗೆ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ, ಅದನ್ನೂ ಲೆಕ್ಕಕ್ಕೆ ಹಿಡಿ.

ಅಳಿಯ: ಪತ್ರ ಎಲ್ಲ ಸರಿ ಇದೆ ಅಂತಲೇ ಇಟ್ಟುಕೊಳ್ಳೋಣ. ಕೊಂಡೆ. ಆಮೇಲೆ? ಹೆಂಡತಿಗೆ ಒಂದು ಕೋಣೆ ಬೇಕು, ಮಕ್ಕಳಿಗೆ ಒಂದೊಂದು. ಕಂತು ಕಟ್ಟೋಕೆ ಮೇಲೊಂದು ಮನೆ ಕಟ್ಟಿ ಬಾಡಿಗೆ ಕೊಡಬೇಕಾಗಬಹುದು. ಬಿಟ್ಟ ಜಾಗವನ್ನ ಪೂಜೆ ಮಾಡಿಕೊಂಡು ಕೂರೋಕೆ ನನ್ನ ಹತ್ತಿರ ದುಡ್ಡಿಲ್ಲ. ಅದು ಶ್ರೀಮಂತರ ಶೋಕಿ ಅನ್ನಿಸುತ್ತೆ.

ಅತ್ತೆ: ಪೂಜೆ ಮಾಡು ಅಂದವರು ಯಾರು? ಕಟ್ಟು. ಎಲ್ಲಿ ಕಟ್ಟಬೇಕು ಅನ್ನೋದು ನನ್ನ ಮಾತು. ಹಿಂಭಾಗದ ಹಂಚಿನ ಅಡುಗೆಮನೆ ತೆಗೆದು, ಅಲ್ಲಿ ಸ್ವಂತ ಪಾಯ ಹಾಕಿ ಎರಡು ಮಹಡಿ ಎಬ್ಬಿಸು. ಹಳೇ ಗೋಡೆ ಮೇಲೆ ಭಾರ ಹೊರಿಸಬೇಡ, ಹೊರಲ್ಲ. ಮೇಲಿನ ಮನೆಯನ್ನ ಬಾಡಿಗೆಗೆ ಕೊಡು. ಬಲಗಡೆ, ಅಜ್ಜಿ ಮನೆ ಕಡೆಯ ಜಾಗ ಮಾತ್ರ ಮುಟ್ಟಬೇಡ. ನಿನ್ನ ಮನೆಗೆ ಗಾಳಿ ಬರೋ ದಾರಿ ಈಗ ಅದೊಂದೇ, ಅವರಿಗೂ ಅದೊಂದೇ. ನೀನು ಮುಚ್ಚಿದರೆ ಅವರ ಮನೆ ಕತ್ತಲಾಗುತ್ತೆ, ಕತ್ತಲಾದ ಮನೆಯನ್ನ ಅವರ ಮಕ್ಕಳು ಮಾರ್ತಾರೆ, ಕೊಂಡವನು ನಿನ್ನನ್ನ ಮುಚ್ಚುತ್ತಾನೆ. ಬೀದಿಗಳು ಕೆಟ್ಟಿರೋದು ಹೀಗೇ, ಯಾರೂ ದುರಾಸೆ ಪಡದೇನೇ. ಪ್ರತಿಯೊಬ್ಬನೂ ತನಗೆ ಬೇಕಾದಷ್ಟೇ ಮುಚ್ಚಿದ.

ಅಳಿಯ: ಅಜ್ಜಿ ಮಕ್ಕಳು ಹೇಗೂ ಮಾರ್ತಾರೆ ಅನ್ನಿ. ಆಗ ನಾನು ಬಿಟ್ಟದ್ದು ವ್ಯರ್ಥ ಅಲ್ಲವಾ?

ಅತ್ತೆ: ನಿನ್ನ ಕಡೆಯ ಅಷ್ಟು ಅಡಿ ನಿನ್ನ ಕೈಯಲ್ಲಿರುತ್ತೆ. ಅವನು ಬೇಲಿ ತನಕ ಬಂದರೂ ನಿನ್ನ ಕಿಟಕಿ ತೆರೆಯುತ್ತೆ. ವ್ಯರ್ಥ ಅನ್ನೋದು ಎರಡೂ ಕಡೆ ಮುಚ್ಚಿದಾಗ. ಅದಕ್ಕೂ ಮುಂಚೆ ಹೋಗಿ ಆ ಅಜ್ಜಿಯನ್ನ ಮಾತಾಡಿಸು. ಬೀದಿಯಲ್ಲಿ ಹಳಬರು ಅವರೇ ಇರಬೇಕು. ಯಾವ ವರ್ಷ ಗೋಡೆ ಎದ್ದಿತು, ಯಾವ ಮಗಳು ಯಾಕೆ ಮುನಿಸಿಕೊಂಡಳು, ಬಾವೀಲಿ ಬೇಸಿಗೆಗೆ ನೀರಿರುತ್ತಾ, ಇದೆಲ್ಲ ಅವರಿಗೆ ಗೊತ್ತಿರುತ್ತೆ. ಋಣಭಾರ ಪತ್ರದಲ್ಲಿ ಬರದೇ ಇರೋ ಋಣಗಳೂ ಗೊತ್ತಿರುತ್ತೆ.

ಅಳಿಯ: ಮೂವತ್ತು ವರ್ಷ ಆದ ಮೇಲೆ ನನ್ನ ಮಕ್ಕಳೂ ಇದನ್ನೇ ಮಾಡಲ್ಲ ಅಂತ ಏನು ಗ್ಯಾರಂಟಿ? ಒಬ್ಬ ಅಮೆರಿಕಾದಲ್ಲಿರ್ತಾನೆ, ಇನ್ನೊಬ್ಬಳು ಪುಣೇಲಿ. ದುಡ್ಡು ಹಂಚಿಕೊಂಡು ಹೋಗ್ತಾರೆ.

ಅತ್ತೆ: ಹೋಗಲಿ ಬಿಡು. ಪ್ಲೇಗಿಗೆ ಹೆದರಿ ಕಟ್ಟಿದವರೂ ಶಾಶ್ವತ ಅಂತ ಕಟ್ಟಲಿಲ್ಲ, ಮುಂದಿನ ಬೇಸಿಗೆ ದಾಟಲಿ ಅಂತ ಕಟ್ಟಿದರು. ನೀನು ಮೂವತ್ತು ವರ್ಷ ಆ ಬೀದೀಲಿ ಉಸಿರಾಡು, ಪಕ್ಕದವರಿಗೂ ಬಿಡು. ಅಷ್ಟಕ್ಕೆ ಕೊಟ್ಟ ದುಡ್ಡು ಸರಿಹೋಯಿತು ಅನ್ನಿಸಿದರೆ ಕೊಂಡುಕೋ, ಪರಂಪರೆ ಉಳಿಸ್ತೀನಿ ಅಂತ ಕೊಳ್ಳಬೇಡ.

ಅಳಿಯ: ಅವರು ಈ ವಾರವೇ ಮುಂಗಡ ಕೇಳ್ತಿದ್ದಾರೆ. ಬೇರೆ ಗಿರಾಕಿ ಇದ್ದಾರಂತೆ.

ಅತ್ತೆ: ಬೇರೆ ಗಿರಾಕಿ ಯಾವಾಗಲೂ ಇರ್ತಾನೆ. ಮೂರೂ ಹೆಣ್ಣುಮಕ್ಕಳು ಬಂದು ಕರಾರು ಪತ್ರಕ್ಕೆ ಸಹಿ ಹಾಕಲಿ, ಅವತ್ತೇ ಚೆಕ್ ಕೊಡು. ಅವರು ಬರಲ್ಲ ಅಂದರೆ ನಮಸ್ಕಾರ ಹೇಳಿ ಎದ್ದು ಬಾ. ಬರ್ತಾ ಬಲಗಡೆ ಜಾಗ ಎಷ್ಟು ಅಡಿ ಅಂತ ಅಳೆದುಕೊಂಡು ಬಾ.